ಫ್ರೀಸ್ಟೈಲ್ ವೇಗಕ್ಕೆ ಕಾಲುಬಡಿತ ತಿದ್ದಿಕೊಳ್ಳುವ ಬಗೆ

ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿಯುವ ತೇಲುವ ಹಲಗೆ) ಹಿಡಿದು ದಿನವೂ ಈಜುಕೊಳದಲ್ಲಿ ಹತ್ತಿಪ್ಪತ್ತು ಲ್ಯಾಪ್ ಕಾಲು ಬಡಿದರೂ ಫ್ರೀಸ್ಟೈಲ್ (ಬೋರಲಾಗಿ, ಕೈಗಳನ್ನು ಒಂದಾದ ಮೇಲೊಂದು ಬೀಸುವ ಈಜು) ವೇಗ ಏರದಿದ್ದರೆ, ಕೊರತೆ ತೊಡೆಯ ಬಲದಲ್ಲಿರುವುದು ಅಪರೂಪ. ಮಂಡಿ ಎಷ್ಟು ಮಡಚುತ್ತಿದೆ, ಪಾದದ ಕೀಲು ಎಷ್ಟು ಸಡಿಲವಾಗಿದೆ ಎಂಬುದನ್ನು ಮೊದಲು ನೋಡಿ. ತಪ್ಪು ಒದೆತವನ್ನೇ ಸಾವಿರ ಸಲ ಮಾಡಿದರೆ ಆ ತಪ್ಪೇ ಗಟ್ಟಿಯಾಗುತ್ತದೆ.

ಫ್ರೀಸ್ಟೈಲ್‌ನಲ್ಲಿ ಮುಂದಕ್ಕೆ ಒಯ್ಯುವ ಬಲದ ಹೆಚ್ಚಿನ ಪಾಲು ಕೈಗಳದ್ದು. ಕಾಲಿನ ಮೊದಲ ಕೆಲಸ ಸೊಂಟವನ್ನು ನೀರಿನ ಮೇಲ್ಮಟ್ಟದಲ್ಲಿ ಉಳಿಸುವುದು, ಎರಡನೆಯದು ದೇಹ ಪಕ್ಕಕ್ಕೆ ಹೊರಳುವಾಗ ಸಮತೋಲ ಕೊಡುವುದು. ತಳ್ಳುವುದು ಆಮೇಲಿನ ಮಾತು. ಸೊಂಟ ಒಂದು ಗೇಣು ಕೆಳಗಿಳಿದರೂ ದೇಹ ಓರೆಯಾಗಿ ನೀರಿಗೆ ಅಡ್ಡ ನಿಲ್ಲುತ್ತದೆ. ವೇಗ ಏರಿದಂತೆ ನೀರಿನ ತಡೆ ಅದಕ್ಕಿಂತ ಜೋರಾಗಿ ಏರುತ್ತದೆ. ಹಾಗಾಗಿ ತಡೆ ಕಡಿಮೆ ಮಾಡಿಕೊಂಡವರಿಗೆ ಸಿಗುವ ಲಾಭ, ಜೋರಾಗಿ ಒದೆಯುವವರಿಗೆ ಸಿಗುವುದಕ್ಕಿಂತ ದೊಡ್ಡದು.

ಶುರುವಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಬೋರ್ಡ್ ಹಿಡಿದು 50 ಮೀಟರ್ ಬರೀ ಕಾಲಿನಲ್ಲಿ ಎಷ್ಟು ಸೆಕೆಂಡು, ಪೂರ್ತಿ ಈಜಿದರೆ ಎಷ್ಟು ಸೆಕೆಂಡು, ಎರಡನ್ನೂ ಬರೆದಿಡಿ. ಕೆಲವರು ಬೋರ್ಡ್ ಹಿಡಿದು ಒದ್ದರೆ ನಿಂತಲ್ಲೇ ನಿಲ್ಲುತ್ತಾರೆ, ಹಿಂದಕ್ಕೂ ಹೋಗುತ್ತಾರೆ. ಓಟಗಾರರು, ಸೈಕಲ್ ತುಳಿಯುವವರು ಇದರಲ್ಲಿ ಹೆಚ್ಚು. ಅವರ ಪಾದ ನಿಂತಾಗ ಇರುವಂತೆ ಮಡಚಿಕೊಂಡೇ ಇರುತ್ತದೆ, ಆ ಕೊಕ್ಕೆ ನೀರನ್ನು ಹಿಂದಕ್ಕೆ ತಳ್ಳುವ ಬದಲು ಮುಂದಕ್ಕೆ ಎಳೆಯುತ್ತದೆ.

ಒದೆತ ಹೇಗಿರಬೇಕು

ಚಲನೆ ಸೊಂಟದಲ್ಲಿ ಹುಟ್ಟಬೇಕು. ತೊಡೆ ಮೊದಲು ಕೆಳಗಿಳಿಯುತ್ತದೆ, ಮಂಡಿ ತುಸು ಬಾಗುತ್ತದೆ, ಕೊನೆಗೆ ಪಾದ ಚಾಟಿಯ ತುದಿಯಂತೆ ಬೀಸುತ್ತದೆ. ಮಂಡಿಯನ್ನು ನೀವಾಗಿ ಮಡಚಬಾರದು, ನೀರಿನ ಒತ್ತಡಕ್ಕೆ ಅದು ತಾನಾಗಿ ಬಾಗಬೇಕು. ಎರಡು ಪಾದಗಳ ನಡುವಿನ ಮೇಲು-ಕೆಳಗಿನ ಅಂತರ 30ರಿಂದ 40 ಸೆಂಟಿಮೀಟರ್ ಸಾಕು. ಪಾದಗಳು ಸ್ವಲ್ಪ ಒಳಮುಖವಾಗಿ, ಹೆಬ್ಬೆರಳುಗಳು ಹಾದುಹೋಗುವಾಗ ಒಂದನ್ನೊಂದು ಸವರುವಷ್ಟು ಹತ್ತಿರ ಇರಲಿ. ಹಿಮ್ಮಡಿ ನೀರಿನ ಮೇಲ್ಮೈಯನ್ನು ಮುಟ್ಟಿದರೆ ಸರಿ. ಪಾದ ಪೂರ್ತಿ ಗಾಳಿಗೆ ಬಂದು ದೊಡ್ಡ ಸದ್ದು ಮಾಡುತ್ತಿದ್ದರೆ ಶ್ರಮದ ಒಂದು ಪಾಲು ಗಾಳಿಗೆ ಹೋಯಿತು.

ಎಲ್ಲರೂ ಮರೆಯುವುದು ಮೇಲ್ಮುಖದ ಒದೆತವನ್ನು. ಕಾಲನ್ನು ಬಹುತೇಕ ನೇರವಾಗಿಟ್ಟು ಪೃಷ್ಠದ ಸ್ನಾಯುಗಳಿಂದ ಮೇಲೆತ್ತಬೇಕು. ಮಂಡಿ ಮಡಚಿ ಹಿಮ್ಮಡಿಯನ್ನು ಮೇಲೆ ತಂದರೆ ತೊಡೆ ಕೆಳಗೆ ಜೋತು ಬಿದ್ದು ಎದುರಿನ ನೀರಿಗೆ ಗೋಡೆಯಾಗುತ್ತದೆ. ಪೂಲ್‌ಗಳಲ್ಲಿ ಇದನ್ನೇ ಸೈಕಲ್ ಹೊಡೆಯುವುದು ಅನ್ನುತ್ತಾರೆ. ಬಾವಿಯಲ್ಲೋ ಕೆರೆಯಲ್ಲೋ ತಲೆ ಮೇಲಿಟ್ಟುಕೊಂಡು ಈಜು ಕಲಿತವರಲ್ಲಿ ಇದು ಬಹಳ. ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತದೆ, ಮುಳುಗಿದ ಸೊಂಟವನ್ನು ಎತ್ತಲು ಮಂಡಿ ಸೈಕಲ್ ಹೊಡೆಯುತ್ತದೆ. ಅಂಥವರು ಕಾಲಿಗಿಂತ ಮೊದಲು ಕತ್ತು ತಿದ್ದಿಕೊಳ್ಳಬೇಕು: ನೋಟ ಪೂಲಿನ ತಳಕ್ಕೆ, ನೀರು ನಡುನೆತ್ತಿಗೆ.

ನೆಲದ ಮೇಲೆ: ಪಾದದ ಕೀಲು

ಆಸ್ಟ್ರೇಲಿಯಾದ ಈಜುಗಾರ ಇಯಾನ್ ಥೋರ್ಪ್ 2002ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 400 ಮೀಟರನ್ನು 3 ನಿಮಿಷ 40.08 ಸೆಕೆಂಡಿನಲ್ಲಿ ಈಜಿದಾಗ ಜನ ಅವರ ದೊಡ್ಡ ಪಾದಗಳ ಬಗ್ಗೆ ಮಾತಾಡಿದರು. ಪಾದದ ಅಳತೆ ನಮ್ಮ ಕೈಯಲ್ಲಿಲ್ಲ. ಪಾದ ಎಷ್ಟು ಚಾಚುತ್ತದೆ ಎಂಬುದು ಮಾತ್ರ ಬಹುಪಾಲು ನಮ್ಮ ಕೈಯಲ್ಲಿದೆ, ಅದಕ್ಕೆ ವಜ್ರಾಸನಕ್ಕಿಂತ ಸುಲಭದ ದಾರಿ ಇಲ್ಲ. ಪಾದದ ಮೇಲ್ಭಾಗ ನೆಲಕ್ಕೆ ತಾಗುವಂತೆ, ಹೆಬ್ಬೆರಳುಗಳು ಹತ್ತಿರ ಇರುವಂತೆ ಕೂತು 30 ಸೆಕೆಂಡಿನಂತೆ ನಾಲ್ಕು ಸಲ ಮಾಡಿ. ಎರಡು ವಾರದ ಮೇಲೆ ಕೈಗಳನ್ನು ಹಿಂದೆ ಊರಿ ಮಂಡಿಗಳನ್ನು ನೆಲದಿಂದ ಎರಡು ಬೆರಳಷ್ಟು ಎತ್ತಿ 10 ಸೆಕೆಂಡು ಹಿಡಿಯಿರಿ. ಹಿಗ್ಗಿದ ಅನುಭವ ಪಾದದ ಮುಂಭಾಗದಲ್ಲಿ ಬರಬೇಕು. ಮಂಡಿಯೊಳಗೆ ನೋವು ಬಂದರೆ ತಕ್ಷಣ ಬಿಡಿ. ಮಂಡಿಗೆ ಪೆಟ್ಟಾದವರು ಇದರ ಬದಲು ಕುರ್ಚಿಯಲ್ಲಿ ಕೂತು ಪಾದವನ್ನು ಕೈಯಿಂದ ಒತ್ತಿ ಚಾಚಲಿ. ಕೀಲು ಬದಲಾಗಲು ತಿಂಗಳುಗಳು ಬೇಕು, ವಾರದಲ್ಲಿ ಫಲ ಹುಡುಕಬೇಡಿ.

ನೀರಿನಲ್ಲಿ ಮಾತ್ರ ಬೆರಳುಗಳನ್ನು ಬಿಗಿಹಿಡಿದು ಚಾಚಬೇಡಿ. ಮೀನಖಂಡ ಹಿಡಿದುಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಹಿಡಿದರೆ ಗೋಡೆಗೆ ಬಂದು ಮಂಡಿ ನೇರ ಮಾಡಿ, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಿರಿ.

ನೀರಿನಲ್ಲಿ

ನಿಂತು ಒದೆಯುವುದು ಎಲ್ಲಕ್ಕಿಂತ ಒಳ್ಳೆಯ ಮೇಷ್ಟರು. ಕಾಲು ನೆಲ ಮುಟ್ಟದಷ್ಟು ಆಳದಲ್ಲಿ, ಗೋಡೆಯ ಹತ್ತಿರ, ಎದೆಯ ಮೇಲೆ ಕೈಕಟ್ಟಿ ನೇರವಾಗಿ ನಿಂತಂತೆ ಒದೆಯಿರಿ: 20 ಸೆಕೆಂಡು ಒದೆತ, 40 ಸೆಕೆಂಡು ವಿಶ್ರಾಂತಿ, ಆರು ಸಲ. ಸೈಕಲ್ ಹೊಡೆದರೆ ಬಾಯಿ ಮುಳುಗುತ್ತದೆ, ಯಾರೂ ಹೇಳಬೇಕಿಲ್ಲ. ದೇಹ ಮೆಲ್ಲಗೆ ಹಿಂದಕ್ಕೆ ಜರುಗುತ್ತಿದ್ದರೆ ಮುಂದಿನ ಬೀಸು ಮಾತ್ರ ಕೆಲಸ ಮಾಡುತ್ತಿದೆ, ಹಿಂದಿನದು ಸೋಮಾರಿಯಾಗಿದೆ ಎಂದರ್ಥ. ಹಿಡಿತ ಬಂದ ಮೇಲೆ ಕೈಗಳನ್ನು ನೀರಿನಿಂದ ಹೊರಗೆತ್ತಿ ಮಾಡಿ. ಅಪಾರ್ಟ್‌ಮೆಂಟಿನ ನಾಲ್ಕಡಿ ಪೂಲಿನಲ್ಲಿ ಇದು ಆಗದು. ಅಲ್ಲಿ ಅಂಗಾತ ಮಲಗಿ, ಕೈಗಳನ್ನು ತಲೆಯ ಹಿಂದೆ ಚಾಚಿ ಒದೆಯಿರಿ. ಮಂಡಿ ನೀರಿನಿಂದ ಹೊರಗೆ ಇಣುಕಿದರೆ ಅದೇ ಸೈಕಲ್. ಪೂಲಿನ ಉದ್ದ ಕಡಿಮೆಯಿದ್ದರೆ ಮೀಟರ್ ಲೆಕ್ಕ ಬಿಟ್ಟು ಸೆಕೆಂಡು ಲೆಕ್ಕ ಹಿಡಿಯಿರಿ.

ಆಮೇಲೆ ಪಕ್ಕಕ್ಕೆ ಮಲಗಿ ಒದೆತ: ಕೆಳಗಿನ ಕೈ ಮುಂದೆ ಚಾಚಿ, ಮೇಲಿನ ಕೈ ತೊಡೆಯ ಮೇಲೆ, ಮುಖ ನೀರೊಳಗೆ, ಪ್ರತಿ ಬದಿಗೆ 25 ಮೀಟರ್. ಅದು ಸರಾಗವಾದರೆ ಒಂದು ಬದಿಗೆ ಆರು ಒದೆತ, ಮೂರು ಕೈ ಬೀಸು, ಇನ್ನೊಂದು ಬದಿಗೆ ಆರು ಒದೆತ.

ಕಿಕ್‌ಬೋರ್ಡ್ ಬೇಡವೆಂದಲ್ಲ, ಆದರೆ ಅದರ ಮೇಲೆ ಭಾರ ಹಾಕಿ ತಲೆ ಎತ್ತಿದರೆ ಸೊಂಟ ಇಳಿಯುತ್ತದೆ. ತುದಿಯನ್ನಷ್ಟೇ ಹಗುರಾಗಿ ಹಿಡಿದು ಮುಖ ನೀರಿಗಿಡಿ, ಮುಂಭಾಗದ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಇದ್ದರೆ ಇನ್ನೂ ಒಳ್ಳೆಯದು. ಫಿನ್ಸ್ (ಪಾದಕ್ಕೆ ಹಾಕುವ ರೆಕ್ಕೆ) ಕೊಳ್ಳುವುದಾದರೆ ಗಿಡ್ಡದ್ದು, ಮೆತ್ತಗಿನದು. ಡೈವಿಂಗ್‌ನ ಉದ್ದ ಫಿನ್ಸ್ ಒದೆತವನ್ನು ನಿಧಾನವಾಗಿಸಿ, ಅಗಲವಾಗಿಸಿ ಅಭ್ಯಾಸ ಕೆಡಿಸುತ್ತದೆ. 25 ಮೀಟರ್ ಫಿನ್ಸ್ ಹಾಕಿ, ಕೂಡಲೇ 25 ಮೀಟರ್ ಕಳಚಿ ಒದೆಯಿರಿ. ಕಾಲಿನ ಒಟ್ಟು ಅಭ್ಯಾಸದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಫಿನ್ಸ್ ಬೇಡ.

ಎಷ್ಟು ಒದೆತ, ಯಾವಾಗ

ಎರಡೂ ಕೈ ಒಂದು ಸುತ್ತು ಮುಗಿಸುವಷ್ಟರಲ್ಲಿ ಆರು ಒದೆತ ಹಾಕುವುದು 50, 100 ಮೀಟರಿನವರ ಪದ್ಧತಿ. ದೂರದ ಈಜುಗಾರರು, ಟ್ರಯಾಥ್ಲಾನ್‌ನವರು ಹೆಚ್ಚಾಗಿ ಎರಡಕ್ಕೆ ಇಳಿಯುತ್ತಾರೆ, ಯಾಕೆಂದರೆ ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕವನ್ನು ಬೇಗ ನುಂಗುತ್ತವೆ. ಆರರ ಲಯಕ್ಕೆ ಪ್ರತಿ ಕೈಗೂ ಮನಸ್ಸಿನಲ್ಲಿ ಒಂದು-ಎರಡು-ಮೂರು ಎಣಿಸಿ, ಒಂದನ್ನು ಒತ್ತಿ ಹೇಳಿ. ಎರಡರ ಲಯದಲ್ಲಿ ಬಲಗೈ ನೀರಿಗಿಳಿದು ಚಾಚುವಾಗ ಎಡಗಾಲು ಒದೆಯಬೇಕು, ಆ ಒದೆತವೇ ಸೊಂಟವನ್ನು ಹೊರಳಿಸುತ್ತದೆ. 1500 ಮೀಟರ್ ಈಜುವ ಹವ್ಯಾಸಿಗಳು ಆರರ ಹಿಂದೆ ಬಿದ್ದು 200ಕ್ಕೇ ಸುಸ್ತಾಗುವುದಕ್ಕಿಂತ, ಎರಡನ್ನು ಚೆನ್ನಾಗಿ ಕಲಿಯುವುದು ಮೇಲು.

ಉಸಿರೆಳೆಯುವಾಗ ಮಾತ್ರ ಕಾಲುಗಳು ಕತ್ತರಿಯಂತೆ ತೆರೆದುಕೊಳ್ಳುತ್ತಿದ್ದರೆ ಕಾಲನ್ನು ಬೈಯಬೇಡಿ. ತಲೆ ಹೆಚ್ಚು ಎತ್ತಿರುತ್ತೀರಿ, ಇಲ್ಲವೇ ಮುಂದಿನ ಕೈ ಮೂಗಿನ ಗೆರೆ ದಾಟಿ ಇನ್ನೊಂದು ಬದಿಗೆ ಹೋಗಿರುತ್ತದೆ. ಬೀಳುವ ದೇಹವನ್ನು ಕಾಲು ಹಿಡಿದುಕೊಳ್ಳುತ್ತಿದೆ, ಅಷ್ಟೇ. ಉಸಿರಾಡುವಾಗ ಒಂದು ಗಾಗಲ್ ನೀರಿನಲ್ಲೇ ಇರಲಿ, ಕೈ ಹೆಗಲಿನ ನೇರಕ್ಕೆ ಇಳಿಯಲಿ.

ವಾರಕ್ಕೆ ಮೂರು ದಿನ, ದಿನಕ್ಕೆ 400ರಿಂದ 600 ಮೀಟರ್ ಕಾಲಿನ ಕೆಲಸ ಸಾಕು. ಒಂದು ದಿನ ಬರೀ ತಿದ್ದುವ ಅಭ್ಯಾಸ. ಒಂದು ದಿನ 25 ಮೀಟರಿನ ಎಂಟು ಬಿರುಸಿನ ಒದೆತ, ನಡುವೆ 30 ಸೆಕೆಂಡು ಬಿಡುವು. ಇನ್ನೊಂದು ದಿನ 50 ಮೀಟರ್ ಒದೆತದ ಬೆನ್ನಿಗೇ 50 ಮೀಟರ್ ಈಜು, ನಾಲ್ಕು ಸಲ. ತಿದ್ದುವ ಅಭ್ಯಾಸವನ್ನು ದಣಿಯುವ ಮೊದಲೇ, ವಾರ್ಮ್-ಅಪ್ ಮುಗಿದ ಕೂಡಲೇ ಮಾಡಿ.

ನಾಲ್ಕು ವಾರದ ಮೇಲೆ ಮತ್ತೆ ಎರಡೂ 50 ಮೀಟರ್ ಅಳೆಯಿರಿ. ಎರಡೂ ಇಳಿದಿದ್ದರೆ ಬಿರುಸಿನ ಸೆಟ್‌ಗಳನ್ನು ಎಂಟರಿಂದ ಹನ್ನೆರಡಕ್ಕೆ ಏರಿಸಿ. ಕಾಲಿನ ಸಮಯ ಮಾತ್ರ ಇಳಿದು ಈಜಿನ ಸಮಯ ಹಾಗೇ ಇದ್ದರೆ ಕಾಲಿಗೂ ಕೈಗೂ ಲಯ ಕೂಡಿಲ್ಲ. ಆಗ ಬೋರ್ಡ್ ಬದಿಗಿಟ್ಟು ಪಕ್ಕದ ಒದೆತಕ್ಕೂ ಎಣಿಕೆಯ ಈಜಿಗೂ ಮರಳಿ.