ಥ್ರೆಡ್ ಕತ್ತರಿಸುವ ಟ್ಯಾಪ್ ಹ್ಯಾಂಡಲ್: ಅಂಗಡಿಯಲ್ಲೇ ಪರೀಕ್ಷಿಸಿ ಕೊಳ್ಳುವುದು ಹೇಗೆ?

ಮಂಡ್ಯದ ಸುತ್ತಮುತ್ತ ಆಲೆಮನೆಯ ಗಾಣ, ಪಂಪ್‌ಸೆಟ್, ಟಿಲ್ಲರ್‌ಗಳನ್ನು ದುರಸ್ತಿ ಮಾಡುವ ಸಣ್ಣ ವರ್ಕ್‌ಶಾಪ್‌ಗಳಲ್ಲಿ, ಬೋಲ್ಟ್ ಕೂರುವ ತೂತಿನ ಥ್ರೆಡ್ (ಒಳಗಿನ ಸುರುಳಿ ಗೀರು) ಸವೆದರೆ ಕೈಯಿಂದಲೇ ಟ್ಯಾಪ್, ಅಂದರೆ ಆ ಗೀರನ್ನು ಕತ್ತರಿಸುವ ಉಪಕರಣ, ಹೊಡೆಯುವುದು ವಾಡಿಕೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟ್ಯಾಪೇ ಬೇಕೆಂದು ಕೇಳಿ ಪಡೆಯುವವರೂ ಅದನ್ನು ಹಿಡಿಯುವ ಹ್ಯಾಂಡಲನ್ನು ಮಾತ್ರ ಕೈಗೆ ಸಿಕ್ಕಿದಂತೆ ತಂದುಬಿಡುತ್ತಾರೆ. ಟ್ಯಾಪ್ ಬಲು ಗಡುಸಾದ ಉಕ್ಕು. ಪಕ್ಕದಿಂದ ಒತ್ತಡ ಬಿದ್ದರೆ ಬಾಗದೆ ಪಟ್ಟನೆ ಮುರಿಯುತ್ತದೆ. ಸಡಿಲ ಹ್ಯಾಂಡಲ್ ಆ ಒತ್ತಡವನ್ನು ತಾನೇ ತಂದೊಡ್ಡುತ್ತದೆ.

ಮೊದಲು ಅಳತೆಯನ್ನು ನಿರ್ಧರಿಸಿಕೊಳ್ಳಬೇಕು. ಹ್ಯಾಂಡಲಿನ ಮೇಲೆ ಅದು ಹಿಡಿಯುವ ಟ್ಯಾಪ್‌ಗಳ ಅಳತೆಯನ್ನು ಕೆತ್ತಿರುವುದುಂಟು. ಅದರಲ್ಲಿ ದೊಡ್ಡ ಸಂಖ್ಯೆಯನ್ನಷ್ಟೇ ಅಲ್ಲ, ಚಿಕ್ಕದನ್ನೂ ಓದಬೇಕು. ತೋಳು ಎರಡರಷ್ಟು ಉದ್ದವಾದರೆ ಅಷ್ಟೇ ಕೈಬಲಕ್ಕೆ ತಿರುಚುಬಲವೂ ಎರಡರಷ್ಟಾಗುವುದರಿಂದ, ದೊಡ್ಡ ಹ್ಯಾಂಡಲಿಗೆ ಎಂ3, ಅಂದರೆ 3 ಮಿ.ಮೀ. ಬೋಲ್ಟಿನ ಚಿಕ್ಕ ಟ್ಯಾಪ್ ಹಾಕಿದರೆ ಬಿಗಿತ ಕೈಗೆ ತಿಳಿಯುವ ಮೊದಲೇ ಟ್ಯಾಪ್ ತುಂಡಾಗಿರುತ್ತದೆ. ಎಲ್ಲಕ್ಕೂ ಒಂದೇ ದೊಡ್ಡ ಹ್ಯಾಂಡಲ್ ಕೊಳ್ಳುವುದು ಉಳಿತಾಯವಲ್ಲ. ಚಿಕ್ಕದೊಂದು, ಮಧ್ಯಮದ್ದೊಂದು ಇರಲಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಟ್ಯಾಪ್ ಜೊತೆಗಿರಲಿ. ಟ್ಯಾಪಿನ ಚೌಕಾಕಾರದ ತುದಿಯನ್ನು ಹ್ಯಾಂಡಲಿನ ನಡುವೆ ಅದನ್ನು ಕಚ್ಚಿ ಹಿಡಿಯುವ ದವಡೆಗಳಲ್ಲಿ ಇಟ್ಟು, ತಿರುಗುವ ಹಿಡಿಯಿಂದ ಬಿಗಿಮಾಡಿ, ಬೆಳಕಿಗೆ ಹಿಡಿದು ನೋಡಿ. ಚೌಕದ ನಾಲ್ಕು ಮುಖಗಳೂ ದವಡೆಗೆ ಒತ್ತಿ ಕೂತಿರಬೇಕು. ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿ ಮೂಲೆ ಮಾತ್ರ ಹಿಡಿದಿದೆ ಎಂದರ್ಥ, ಕೆಲಸದ ಭಾರಕ್ಕೆ ಆ ಮೂಲೆ ದುಂಡಗಾಗುತ್ತದೆ. ಬಳಿಕ ಟ್ಯಾಪನ್ನು ಬೆರಳಿನಿಂದ ಅಲುಗಿಸಿ ನೋಡಿ, ಅದು ಆಡಬಾರದು. ದವಡೆ ಹದಗೊಳಿಸಿದ ಉಕ್ಕಿನದೇ ಎಂದು ತಿಳಿಯಲು ಹಳೆಯ ಅರದ ಮೂಲೆಯಿಂದ ಮೆಲ್ಲಗೆ ಗೀಚಿದರೆ ಸಾಕು, ಅರ ಜಾರಬೇಕು. ಅಂಗಡಿಯವರು ಒಪ್ಪಿದರೆ ಮಾತ್ರ ಎನ್ನಿ. ಕೊನೆಗೆ ತೋಳು ನೆಟ್ಟಗಿದೆಯೇ ಎಂದು ಗಾಜಿನ ಕೌಂಟರ್ ಮೇಲೆ ಉರುಳಿಸಿ ನೋಡಬಹುದು. ಬಣ್ಣ, ಹೊಳಪುಗಳಿಗೆ ಇಲ್ಲಿ ಬೆಲೆಯಿಲ್ಲ.

ಎರಡು ತೋಳಿನ ಹ್ಯಾಂಡಲ್ ತಿರುಗಿಸಲು ಜಾಗವಿಲ್ಲದ ಇಕ್ಕಟ್ಟಿನಲ್ಲಿ ಟಿ ಹ್ಯಾಂಡಲ್ ಬೇಕು. ಇದರಲ್ಲಿಯೂ ಟ್ಯಾಪನ್ನು ಹಿಡಿಯುವ ಭಾಗದ, ಅಂದರೆ ಚಕ್ಕಿನ ಹಿಡಿತವನ್ನೇ ನೋಡಬೇಕು.

ತಂದ ಮೇಲೆ ಬೇಡವಾದ ಉಕ್ಕಿನ ಪಟ್ಟಿಯಲ್ಲಿ ಪರೀಕ್ಷೆ ಮಾಡಿ. ಎಂ8, 1.25 ಮಿ.ಮೀ. ಪಿಚ್ (ಥ್ರೆಡ್‌ಗಳ ನಡುವಿನ ಅಂತರ) ಇರುವ ಟ್ಯಾಪಿಗೆ 6.8 ಮಿ.ಮೀ. ತೂತು ಕೊರೆದು, ಕಟಿಂಗ್ ಆಯಿಲ್ ಹಾಕಿ, ಎರಡೂ ಕೈಗಳಿಂದ ಸಮನಾಗಿ ಒತ್ತಿ ತಿರುಗಿಸಿ. ಒಂದೆರಡು ಸುತ್ತು ಕಚ್ಚಿದ ಕೂಡಲೇ ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಟ್ಯಾಪ್ ನೆಟ್ಟಗಿದೆಯೇ ಎಂದು ಎರಡು ಬದಿಯಿಂದ ನೋಡಿ. ಮುಂದೆ ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾ ಹೋದರೆ ಕತ್ತರಿಸಿ ಬರುವ ಉಕ್ಕಿನ ಚೂರು ತುಂಡಾಗುತ್ತದೆ. ಹೀಗೆ ದಿಕ್ಕು ಬದಲಿಸುವಾಗ ಟ್ಯಾಪ್ ತಿರುಗದೆ ಹ್ಯಾಂಡಲ್ ಮಾತ್ರ ಆಡಿದರೆ, ಅಥವಾ ಕೆಲಸ ಮುಗಿದ ಮೇಲೆ ಟ್ಯಾಪಿನ ಚೌಕದ ಮೂಲೆಗಳಲ್ಲಿ ಹೊಸದಾಗಿ ಹೊಳೆಯುವ ಗಾಯಗಳು ಕಂಡರೆ, ಬಿಲ್ಲು ಹಿಡಿದು ಅಂಗಡಿಗೆ ಮರಳಿಸುವುದೇ ಸರಿ.