ಇಂಗಳದಾಳ್ ಗುಡ್ಡದ ಹಸಿರು ಕಲ್ಲು

ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಚಿತ್ರದುರ್ಗದ ಪಕ್ಕದ ಇಂಗಳದಾಳ್. ಹಟ್ಟಿ ಚಿನ್ನದ ಗಣಿ ಕಂಪನಿ ಇಲ್ಲಿ ತಾಮ್ರ ತೆಗೆದಿತ್ತು. ಅದಕ್ಕೂ ಎಷ್ಟೋ ಹಿಂದೆ ಯಾರೋ ಅಗೆದ ಗುಂಡಿಗಳೂ ಇವೆ. ನಮ್ಮ ಕಡೆ ಅದಿರು ಹುಡುಕೋದು ಅಂದ್ರೆ ಬಹಳ ಸಲ ಇಷ್ಟೇ: ಹಿಂದಿನವರು ಎಲ್ಲಿ ಅಗೆದು ಬಿಟ್ಟರು ಅಂತ ನೋಡುವುದು.

ಮೊದಲ ದಿನವೇ ಹಸಿರು ಕಂಡಿತು. ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬಿನದೇ ಬಣ್ಣ. ಮ್ಯಾಲಕೈಟ್, ಅಂದ್ರೆ ತಾಮ್ರದ ಹಸಿರು ಖನಿಜ! ಹಸಿರು ಕಂಡಲ್ಲೆಲ್ಲ ಸುತ್ತಿಗೆ ಬೀಸಿ ಚೀಲ ತುಂಬಿದೆ. ಲ್ಯಾಬಿನಿಂದ ಬಂದ ತಾಮ್ರದ ಅಂಕಿ ಭರ್ಜರಿಯಾಗಿತ್ತು. ಗೈಡ್ ಮೇಷ್ಟ್ರು ನೋಡಿ, "ಏನಪ್ಪಾ, ಟೊಮೆಟೊ ಆರಿಸಿದ ಹಾಗೆ ಆರಿಸಿದ್ದೀಯ. ಬಂಡೆಯಲ್ಲಿ ಎಷ್ಟಿದೆ ಹೇಳು" ಅಂದರು.

ಮತ್ತೆ ಹೋದೆ. ಅಲ್ಲಿನ ಪದರಗಳು ಹೆಚ್ಚುಕಡಿಮೆ ಉತ್ತರ-ದಕ್ಷಿಣಕ್ಕೆ ಸಾಗುತ್ತವೆ. ಅವಕ್ಕೆ ಅಡ್ಡಲಾಗಿ ದಾರ ಕಟ್ಟಿ, ಹಸಿರಿರಲಿ ಬಿಡಲಿ, ಒಂದೇ ಅಗಲಕ್ಕೆ ಉಳಿಯಿಂದ ಸಣ್ಣ ಕಾಲುವೆ ಕೊರೆದೆ. ಮೀಟರಿಗೊಂದು ಚೀಲ. ಅಂಗೈಯೆಲ್ಲ ಬೊಬ್ಬೆ. ಈ ಸಲ ಅಂಕಿ ದೊಪ್ಪನೆ ಬಿತ್ತು. ಮಳೆನೀರು ತಾಮ್ರವನ್ನು ಕರಗಿಸಿ ಒಯ್ದು ದೂರದ ಬಿರುಕುಗಳಿಗೂ ಬಳಿಯುತ್ತದೆ, ಅಲ್ವಾ? ಅದಿರು ಅಲ್ಲೇ ಇರಬೇಕೆಂದಿಲ್ಲ. ನಾನು ಜಾಸ್ತಿ ನಂಬುವುದು ತುಕ್ಕು ಬಣ್ಣದ, ತೂತು ತೂತಾದ ಕಲ್ಲನ್ನು. ಗಂಧಕ ಸೇರಿದ ಖನಿಜ ಹಾಳಾಗಿ ಉಳಿದ ಟೊಪ್ಪಿ ಅದು. ಗಾಸನ್ ಅನ್ನುತ್ತೇವೆ.

ಅಂಥದ್ದೊಂದನ್ನು ಒಡೆದಾಗ ಒಳಗೆ ಹಳದಿ ಮಿಂಚಿತು. ಚಿನ್ನವಾ? ಬಚ್ಚಲುಮನೆ ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿದೆ. ಹಸಿರು ಛಾಯೆಯ ಕಪ್ಪು ಗೆರೆ ಬಿತ್ತು. ಚಿನ್ನದ ಗೆರೆ ಹಳದಿಯೇ ಇರುತ್ತದೆ. ಚಾಕುವಿನಲ್ಲಿ ಸುಲಭವಾಗಿ ಗೀರಿತು, ಹಾಗಾಗಿ ಚಿನ್ನದಂತೆ ಮಿಂಚುವ ಗಡಸು ಖನಿಜ ಪೈರೈಟೂ ಅಲ್ಲ. ಅದು ಚಾಲ್ಕೋಪೈರೈಟ್, ತಾಮ್ರದ ಅದಿರು.

ಇದಕ್ಕೆ ಮನೆ ಕೊಟ್ಟ ಕಲ್ಲು ಸುಮಾರು 270 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ. ಅದು ತಣ್ಣಗಾಗುತ್ತ ದಿಂಬಿನ ಹಾಗೆ ಉಬ್ಬಿದ್ದನ್ನು ಹತ್ತಿರದ ಮರಡಿಹಳ್ಳಿಯಲ್ಲಿ ನೋಡಬಹುದು. ಗದಗದ ಚಿನ್ನವೂ ಇದೇ ಶಿಲಾಪಟ್ಟಿಯದು. ಸಿರಾ ಕಡೆಯ ಅಜ್ಜನಹಳ್ಳಿಯಲ್ಲಿ ಚಿನ್ನ ಇರುವುದು ಕಬ್ಬಿಣದ ಪಟ್ಟೆಗಲ್ಲಿನಲ್ಲಿ. ಹಾಗಾಗಿ ನನ್ನ ಚೀಲಗಳನ್ನೂ ಚಿನ್ನಕ್ಕೆ ಪರೀಕ್ಷೆ ಮಾಡಿಸಿದೆ. ಕಣ್ಣಿಗೆ, ಲೆನ್ಸಿಗೆ ಏನೂ ಕಂಡಿರಲಿಲ್ಲ. ಒಂದೇ ಒಂದು ಚೀಲದಲ್ಲಿ ನೆಪಮಾತ್ರಕ್ಕೆ ಸಿಕ್ಕಿತು. ಅದರಲ್ಲಿ ಹಸಿರು ಒಂಚೂರೂ ಇರಲಿಲ್ಲ. ಮೊದಲ ಸಲ ನಾನು ಸುಮ್ನೆ ದಾಟಿ ಹೋಗಿದ್ದ ಜಾಗದ್ದು ಅದು.