ಆನೆ ಕಾಸಿನ ಗ್ರೇಡ್ ನಾನು ಹಿಡಿಯೋದು ಹೇಗೆ: ನನ್ನ ಅನುಭವ

ಹೋದ ತಿಂಗಳು ಒಂದು ಹರಾಜಲ್ಲಿ ಟಿಪ್ಪು ಸುಲ್ತಾನನ ತಾಮ್ರದ ಪೈಸೆ ಒಂದು ತಗೊಂಡೆ, ಒಂದು ಕಡೆ ಆನೆ ಇರೋದಕ್ಕೆ ಆನೆ ಕಾಸು ಅನ್ನೋದು, ಇದು ಪಟ್ಟಣ, ಅಂದ್ರೆ ಶ್ರೀರಂಗಪಟ್ಟಣದ ಟಂಕಸಾಲೆದು. ಕ್ಯಾಟಲಾಗಲ್ಲಿ ಗ್ರೇಡು 'ಫೈನ್', ಅಂದ್ರೆ ಸಾಕಷ್ಟು ಸವೆದಿದೆ ಅಂತ ಹಾಕಿದ್ರು, ಆನೆ ತಲೆ ಚಪ್ಪಟೆಯಾಗಿತ್ತು, ಅದಕ್ಕೇ ಯಾರೂ ಜಾಸ್ತಿ ಕೂಗಲಿಲ್ಲ, ನಂಗೆ ಸುಮಾರು 1,100ಕ್ಕೆ ನಿಂತ್ಕೊಂತು, ಕಮಿಷನ್ ಎಲ್ಲ ಸೇರಿ ಒಂದು 1,300 ಆಗಿರಬೇಕು. ಹದಿನೈದು ದಿನ ಬಿಟ್ಟು ಅದನ್ನ ನಮ್ಮ ಕಡೆ ಟಿಪ್ಪು ತಾಮ್ರ ಅಂದ್ರೆ ಎಲ್ಲರೂ ಹೋಗಿ ಕೇಳೋ ಹಿರಿಯರೊಬ್ಬರ ಕೈಗೆ ಕೊಟ್ಟೆ, ಏನೂ ಹೇಳಲಿಲ್ಲ. ಅವರು ಲೂಪ್ (ಸಣ್ಣ ಭೂತಗನ್ನಡಿ) ಹಿಡ್ಕೊಂಡು ಐದು ನಿಮಿಷ ಹಿಂದೆ ಮುಂದೆ ತಿರುಗಿಸಿ "ಇದು ಸವೆದಿಲ್ವಲ್ಲಪ್ಪಾ, ಪೆಟ್ಟು ಸರಿಯಾಗಿ ಬಿದ್ದಿಲ್ಲ ಅಷ್ಟೆ. ಎಕ್ಸ್‌ಎಫ್ ಇದು, 4,000ಕ್ಕೆ ಕೊಡ್ತೀಯಾ?" ಅಂದ್ರು. ಎಕ್ಸ್‌ಎಫ್ ಅಂದ್ರೆ ಫೈನ್‌ಗಿಂತ ಎರಡು ಮೆಟ್ಟಿಲು ಮೇಲೆ. ಕೊಡಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಹಿರಿಯರು ನಾಲ್ಕು ಜನರ ಮುಂದೆ ನಂಗೆ "ಕೈಯಲ್ಲಿ ಹೊಡೆದ ಕಾಸಿಗೆ ಗ್ರೇಡು ಗೀಡು ಅಂತೆಲ್ಲ ಇಲ್ಲ ಕಣಯ್ಯ, ಒಂದರ ಥರ ಇನ್ನೊಂದಿರಲ್ಲ, ಚೆನ್ನಾಗಿದೆ ಚೆನ್ನಾಗಿಲ್ಲ, ಎರಡೇ" ಅಂದಿದ್ರು. ಅದಕ್ಕೇ ಇವತ್ತು ಕೂತು ಬರೀತಿದೀನಿ.

ಗ್ರೇಡ್ ಅಂದ್ರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅನ್ನೋ ಲೆಕ್ಕ, ಫೈನ್ ಮೇಲೆ ವಿಎಫ್ (ವೆರಿ ಫೈನ್), ಅದರ ಮೇಲೆ ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್), ಆಮೇಲೆ ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್), ಎಲ್ಲಕ್ಕಿಂತ ಮೇಲೆ ಚಲಾವಣೆಗೇ ಹೋಗದ ಅನ್‌ಸರ್ಕ್ಯುಲೇಟೆಡ್. ಇನ್ನೊಂದು ಮಾತು. ಗ್ರೇಡಿಂಗ್ ಅನ್ನೋದು ಮಿಷನ್ ನಾಣ್ಯಕ್ಕೆ ಹುಟ್ಟಿದ್ದು, ನಮ್ಮ ತಾಮ್ರಕ್ಕೆ ಒಗ್ಗಲ್ಲ ಅಂತ ವಾದ ಮಾಡೋರಿಗೆ ನಾನು ಹೇಳೋದು ಇಷ್ಟೆ, 1ರಿಂದ 70ರ ಸ್ಕೇಲ್ ಹುಟ್ಟಿದ್ದೇ ತಾಮ್ರಕ್ಕೆ. 1949ರಲ್ಲಿ ಶೆಲ್ಡನ್ ಅನ್ನೋರು ಅಮೆರಿಕದ ಹಳೇ ಲಾರ್ಜ್ ಸೆಂಟ್ ಅನ್ನೋ ದೊಡ್ಡ ತಾಮ್ರದ ನಾಣ್ಯಗಳಿಗೆ ಅಂತ ಮಾಡಿದ್ದು ಅದು, ಬೆಳ್ಳಿ ಚಿನ್ನಕ್ಕೆಲ್ಲ ಆಮೇಲೆ ಹಬ್ಬಿತು. ಆ ಸೆಂಟ್ ಕೂಡಿಡೋರು ಇವತ್ತಿಗೂ ಮೊದಲು ಚಿತ್ರ ಎಷ್ಟು ಉಳಿದಿದೆ ಅಂತ ಒಂದು ನಂಬರ್ ಕೊಡ್ತಾರೆ, ಆಮೇಲೆ ಗುಂಡಿ, ಗೀರು, ಕಿಲುಬು ಅಂತ ಕಳೀತಾ ಬಂದು ನೆಟ್ ನಂಬರ್ ಹಾಕ್ತಾರೆ. ನಾನು ಆನೆ ಕಾಸಿಗೆ ತಂದಿದ್ದು ಅದನ್ನೇ, ಒಂದು ಕಾಲಂ ಜಾಸ್ತಿ ಸೇರಿಸಿ.

ಅಲ್ಲಿಗೆ ಬರೋ ಮುಂಚೆ ಕಳಕೊಂಡಿದ್ದು ಹೇಳಬೇಕು, ಯಾಕಂದ್ರೆ ಕಲಿತಿದ್ದೆಲ್ಲ ಅಲ್ಲೇ.

ಮೊದಲನೇದು ಡಬಲ್ ಪೈಸೆ, ಇಪ್ಪತ್ತೆರಡು ಇಪ್ಪತ್ಮೂರು ಗ್ರಾಂ ತೂಗೋ ಭಾರೀ ಕಾಸು, 3,800 ಕೊಟ್ಟಿದ್ದೆ ಅನ್ಸತ್ತೆ. ಕಪ್ಪಗೆ ಒಳ್ಳೆ ಚಾಕಲೇಟ್ ಬಣ್ಣ ಇತ್ತು, ಅಲ್ಲಲ್ಲಿ ಕಿಲುಬು. ಮನೇಲಿ ತಾಮ್ರದ ಹಂಡೆ ಬೆಳಗಿದ ಹಾಗೆ ಹುಣಸೆಹುಳಿ ಉಪ್ಪು ಹಾಕಿ ಉಜ್ಜಿಬಿಟ್ಟೆ. ಫಳಫಳ ಅಂತು, ಆನೆ ಮೈ ಮೇಲೆ ಇನ್ನೂರು ಚಿಲ್ಲರೆ ವರ್ಷ ಕೂತಿದ್ದ ಪದರ ಎರಡು ನಿಮಿಷಕ್ಕೆ ಹೋಯ್ತು, ಕೆಳಗೆ ನೋಡಿದ್ರೆ ಸಣ್ಣ ಸಣ್ಣ ಗುಂಡಿ. ಅದನ್ನ ಕೊನೆಗೆ 900ಕ್ಕೆ ಕೊಟ್ಟೆ, ಉಜ್ಜಿದ್ದು ಅಂತ ಹೇಳೇ ಕೊಟ್ಟೆ.

ಎರಡನೇದು ಇದಕ್ಕಿಂತ ನೋವು. 1862ರ ವಿಕ್ಟೋರಿಯಾ ಕಾಲಾಣೆ, 'ಅನ್‌ಸರ್ಕ್ಯುಲೇಟೆಡ್ ಫುಲ್ ರೆಡ್', ಅಂದ್ರೆ ಟಂಕಸಾಲೆಯ ಕೆಂಪು ಪೂರ್ತಿ ಉಳಿದಿದೆ ಅಂತ ಒಬ್ಬ ಡೀಲರ್ 6,000 ಇಸ್ಕೊಂಡ್ರು. ಮಳೆಗಾಲ ಕಳೆಯೋ ಅಷ್ಟರಲ್ಲಿ ರಾಣಿ ಕೆನ್ನೆ ಮೇಲೆ ಮಚ್ಚೆ ಮಚ್ಚೆ. ಆಸಿಡಲ್ಲಿ ಅದ್ದಿದ್ದ ನಾಣ್ಯ ಅದು. ಈಗ ದೂರದಿಂದಲೇ ಹೇಳ್ತೀನಿ, ಅದ್ದಿದ ತಾಮ್ರ ಗುಲಾಬಿ ಕಡೆ ವಾಲತ್ತೆ, ಒಂದೇ ಸಮ ಇರತ್ತೆ, ಸತ್ತ ಬಣ್ಣ. ಟಂಕಸಾಲೆಯ ನಿಜವಾದ ಕೆಂಪಿಗೆ ಒಳಗಿಂದ ಹೊಳಪಿರತ್ತೆ, ಓರೆ ಮಾಡಿದ್ರೆ ಬೆಳಕು ಚಕ್ರದ ಅರದ ಥರ ಸುತ್ತತ್ತೆ, ಮಾಸೋವಾಗ ಮೊದಲು ಬಯಲು ಜಾಗ, ಎತ್ತರದ ಜಾಗ ಮಾಸಿ ಅಕ್ಷರದ ಬುಡದಲ್ಲಿ ಕೊನೇವರೆಗೂ ಕೆಂಪು ಉಳ್ಕೊಳತ್ತೆ. ಕೆನ್ನೆ ಕೆಂಪಗಿದ್ದು ಅಕ್ಷರದ ಸಂದಿ ಕಂದಿದ್ರೆ ಕೈ ಹಾಕಬೇಡಿ.

ಮೂರನೇದು ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂ. ಹದಿನೆಂಟೋ ಇಪ್ಪತ್ತೋ ಕಾಸು ಎರಡು ವರ್ಷ ಅದರಲ್ಲೇ ಇಟ್ಟಿದ್ದೆ, ತೆಗೆದ್ರೆ ಹಸಿರು ಅಂಟು. ಅದು ಅಸಿಟೋನಲ್ಲಿ ಹೋಯ್ತು, ಆದ್ರೆ ಐದಾರಕ್ಕೆ ಕೆಳಗೆ ಮೈ ತಿಂದಿತ್ತು. ಎಲ್ಲ ಲೆಕ್ಕ ಹಾಕಿದ್ರೆ ಕಲಿಯೋಕೆ ಸುಮಾರು 35-40 ಸಾವಿರ ಹೋಗಿದೆ, ಮನೇಲಿ ಪೂರ್ತಿ ಹೇಳಿಲ್ಲ.

ಈಗ ವಿಧಾನ. ಹಾಳೆ ಮೇಲೆ ಮೂರು ಕಾಲಂ: ಪೆಟ್ಟು, ಸವೆತ, ಮೈ. ಪೆಟ್ಟು ಅಂದ್ರೆ ಅವತ್ತು ಅಚ್ಚು ಎಷ್ಟು ಸರಿಯಾಗಿ ಕೂತಿತ್ತು, ಸವೆತ ಅಂದ್ರೆ ಆಮೇಲೆ ಕೈಯಿಂದ ಕೈಗೆ ಹೋಗಿ ಎಷ್ಟು ಹೋಯ್ತು, ಮೈ ಅಂದ್ರೆ ಈಗಿನ ಬಣ್ಣ, ಕಿಲುಬು, ಗುಂಡಿ, ಉಜ್ಜಿದ ಗುರುತು. ಮೂರಕ್ಕೂ ಬೇರೆ ಬೇರೆ ನಂಬರು, ಒಂದನ್ನ ನೋಡೋವಾಗ ಇನ್ನೊಂದನ್ನ ಯೋಚನೆ ಮಾಡೋ ಹಾಗಿಲ್ಲ. ಮೈ ಕೊನೇಲಿ ನೋಡ್ತೀನಿ, ಯಾಕಂದ್ರೆ ಬಣ್ಣ ಚೆನ್ನಾಗಿದ್ರೆ ಕಣ್ಣು ಸವೆತಕ್ಕೂ ಎರಡು ಮಾರ್ಕ್ಸ್ ಜಾಸ್ತಿ ಕೊಟ್ಟುಬಿಡತ್ತೆ, ನಂಗಂತೂ ವರ್ಷಗಟ್ಟಲೆ ಹೀಗೇ ಆಗಿದೆ. ಮಾರೋರು ಬರೆದ ಗ್ರೇಡು, ಬೆಲೆ ಎರಡೂ ಮುಚ್ಚಿಟ್ಟು ನೋಡೋದು.

ಕೈಪೆಟ್ಟಿನ ನಾಣ್ಯದಲ್ಲಿ ಎಲ್ಲರೂ ಎಡವೋದು ಮೊದಲ ಎರಡನ್ನ ಕಲಸಿಬಿಡೋದ್ರಲ್ಲಿ. ನಮ್ಮ ಪೈಸೆಯಲ್ಲಿ ಅಚ್ಚು ಬಿಲ್ಲೆಗಿಂತ (ಅಚ್ಚು ಹೊಡೆಯೋ ತಾಮ್ರದ ತುಂಡಿಗಿಂತ) ದೊಡ್ಡದು, ಸುತ್ತಿಗೆ ಓರೆಯಾಗಿ ಬಿದ್ರೆ ಒಂದು ಕಡೆ ಲೋಹ ಅಚ್ಚಿನ ಗುಂಡಿ ತುಂಬಲ್ಲ. ಹಾಗೆ ಚಪ್ಪಟೆಯಾದ ತಲೇನೂ ಸವೆದು ಚಪ್ಪಟೆಯಾದ ತಲೇನೂ ಫೋಟೋದಲ್ಲಿ ಒಂದೇ. ನಾನು ಮಾಡೋದು ಏನು ಅಂದ್ರೆ, ಮೊದಲು ಚಪ್ಪಟೆ ಜಾಗದ ಬೆನ್ನಿಗೆ ಏನಿದೆ ನೋಡ್ತೀನಿ. ಹಿಂದುಗಡೆ ಸರಿಯಾಗಿ ಅದೇ ಜಾಗದಲ್ಲಿ ಪಾರ್ಸಿ ಅಕ್ಷರಾನೂ ಮಂಕಾಗಿದ್ರೆ ಅದು ಪೆಟ್ಟಿನ ತಪ್ಪು, ಸವೆತ ಹೀಗೆ ಎರಡೂ ಕಡೆ ಒಂದೇ ಜಾಗ ಹುಡುಕ್ಕೊಂಡು ಹೋಗಲ್ಲ. ಎರಡನೇದು, ಅಷ್ಟೇ ಎತ್ತರ ಇರೋ ಇನ್ನೊಂದು ಜಾಗ, ಆನೆ ಹಿಂದಿನ ತೊಡೆ ಅಥವಾ ಭುಜ. ತಲೆ ಪೂರ್ತಿ ಹೋಗಿ ತೊಡೆ ಉಬ್ಬಿ ನಿಂತಿದ್ರೆ ಅದು ಸವೆತ ಅಲ್ಲವೇ ಅಲ್ಲ, ಸವೆತ ಎಲ್ಲ ಗುಡ್ಡಾನೂ ಕೆರೆಯತ್ತೆ. ಮೂರನೇದು ಚಪ್ಪಟೆ ಜಾಗದ ಒಳಗೇ ಲೂಪ್ ಹಾಕಿ ನೋಡೋದು. ಪೆಟ್ಟು ಬೀಳದ ಜಾಗದಲ್ಲಿ ಬಿಲ್ಲೆಯ ಹಳೇ ಒರಟುತನ ಹಾಗೇ ಇರತ್ತೆ, ಸಣ್ಣ ತಗ್ಗಲ್ಲಿ ಕಪ್ಪು ಕೂತಿರತ್ತೆ. ಸವೆದ ಜಾಗ ನುಣ್ಣಗೆ, ಸುತ್ತಲಿಗಿಂತ ಒಂದು ಬಣ್ಣ ತಿಳಿ.

ಸುತ್ತ ಗೆರೆ ಮಧ್ಯೆ ಇರೋ ಚುಕ್ಕಿ ಸಾಲನ್ನ ಯಾರೂ ನೋಡಲ್ಲ, ನಂಗೆ ಅದೇ ದೊಡ್ಡ ಸಾಕ್ಷಿ. ಚುಕ್ಕಿಗಳು ಗುಂಡಗೆ, ಬಿಡಿ ಬಿಡಿಯಾಗಿ ನಿಂತಿದ್ರೆ ವಿಎಫ್‌ಗಿಂತ ಕೆಳಗೆ ನಾನು ಇಳಿಯಲ್ಲ. ಚುಕ್ಕಿಗಳು ಒಂದಕ್ಕೊಂದು ಕರಗಿದ ಹಾಗಿದ್ದು, ಚಿತ್ರ ದಪ್ಪಗೆ ಊದಿದ ಹಾಗಿದ್ರೆ ಅದು ಸವೆತಾನೂ ಅಲ್ಲ, ದಣಿದ ಅಚ್ಚು, ಪೆಟ್ಟಿನ ಕಾಲಂನಲ್ಲೇ ಕಳೀಬೇಕು. ಇನ್ನು ಆನೆ ಮೇಲೇ ಒಂದು ಜಾಗ ಇದೆ, ನಾನು ಮೊಟ್ಟಮೊದಲು ಬೆಳಕು ಬಿಡೋದು ಅಲ್ಲಿಗೆ, ಅದು ಯಾವುದು ಅಂತ ಬರೆಯಲ್ಲ, ಹರಾಜಲ್ಲಿ ನಾನೂ ಕೂತಿರ್ತೀನಿ.

ಇದೆಲ್ಲ ಬಾಯಲ್ಲಿ ಹೇಳಿದ್ರೆ ಬರಲ್ಲ, ಹೋಲಿಸೋಕೆ ಸಾಲು ಬೇಕು, ಅಂದ್ರೆ ಒಂದೇ ಥರದ ಕಾಸು ಕೆಳಗಿನ ಗ್ರೇಡಿಂದ ಮೇಲಿನ ಗ್ರೇಡ್ ತನಕ ಜೋಡಿಸಿಟ್ಟಿದ್ದು. ನಾನು ಮೊದಲು ಮಾಡಿದ್ದು 1835ರ ಕಂಪನಿ ಕಾಲಾಣೆ ಸಾಲು. ಅಗ್ಗ, ಎಲ್ಲಾ ಕಡೆ ಸಿಗತ್ತೆ, ಮಿಷನ್ ಪೆಟ್ಟು, ಹಾಗಾಗಿ ಪೆಟ್ಟಿನ ಗಲಾಟೆ ಕಮ್ಮಿ, ಕಣ್ಣಿಗೆ ಬರೀ ಸವೆತ ಕಾಣತ್ತೆ. ಹನ್ನೆರಡು ಕಾಸು, ಬರೀ ಗುರಾಣಿಯ ನೆರಳು ಕಾಣೋದರಿಂದ ಹಿಡಿದು ಕೆಳಗಿನ ಪಟ್ಟಿಯ ಲ್ಯಾಟಿನ್ ಅಕ್ಷರ ಪೂರ್ತಿ ಓದೋಕೆ ಬರೋವರೆಗೆ, ಕೊನೇ ಎರಡರಲ್ಲಿ ಸಿಂಹದ ಕೂದಲೂ ಇದೆ. ಒಟ್ಟು 2,500 ಒಳಗೇ ಆಯ್ತು, ಮೇಲಿನ ಎರಡಕ್ಕೇ ಅರ್ಧ ಹೋಯ್ತು. ಇದು ಕಣ್ಣಿಗೆ ಕೂತಮೇಲೆ ಟಿಪ್ಪು ಪಟ್ಟಣ ಪೈಸೆ ಸಾಲು, ಹದಿನಾಲ್ಕು, ಎಲ್ಲ ಹನ್ನೊಂದು ಹನ್ನೊಂದೂವರೆ ಗ್ರಾಂ ಆಸುಪಾಸು. ಒಂದೇ ಟಂಕಸಾಲೆ ಇರಬೇಕು, ಪಟ್ಟಣದ ಆನೆ ಪಕ್ಕ ನಗರ (ಬಿದನೂರು) ಟಂಕಸಾಲೆಯ ಆನೆ ಇಟ್ಟು ಹೋಲಿಸಿದ್ರೆ ಕೆತ್ತನೆಗಾರನ ಕೈ ವ್ಯತ್ಯಾಸಾನ ಸವೆತ ಅಂದ್ಕೋತೀವಿ. ಇಸವಿ ಓದೋವಾಗ ಹುಷಾರು, ಟಿಪ್ಪು ನಾಣ್ಯಕ್ಕೆ ಹಾಕಿಸಿದ ಮೌಲೂದಿ ಅನ್ನೋ ಲೆಕ್ಕದ ವರ್ಷದ ಅಂಕೆ ಬಲದಿಂದ ಎಡಕ್ಕೆ, ನಾನೇ ಒಂದನ್ನ ಉಲ್ಟಾ ಓದಿ ಚೀಟಿ ಹಚ್ಚಿ ಒಂದು ವರ್ಷ ಇಟ್ಕೊಂಡಿದ್ದೆ. ಒಡೆಯರ ಕಾಲದ 'ಇಪ್ಪತ್ತು ಕಾಸು' ಅನ್ನೋ ನಾಣ್ಯಕ್ಕೂ ಇದೇ ನಡೆಯತ್ತೆ, ಅಲ್ಲಿ ಆನೆಗಿಂತ ಕನ್ನಡ ಅಕ್ಷರದ ಮೂಲೆಗಳು ಚೆನ್ನಾಗಿ ಹೇಳ್ತವೆ.

ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಐದನೇ ಜಾರ್ಜ್ ಕಾಲಾಣೆ ಎಂಟು ತಗೊಂಡು, ಅದು ಕಂಚು ಅಂತ ಗೊತ್ತು, ಅಗ್ಗ ಅಂತ ತಗೊಂಡೆ, ಬಟ್ಟೆ ಚೀಲದಲ್ಲಿ ಬೀಗದಕೈ ಗೊಂಚಲಿನ ಜೊತೆ ಹಾಕಿ ಗಾಡಿ ಡಿಕ್ಕಿಯಲ್ಲಿ ಎಂಟು ತಿಂಗಳು ಓಡಾಡಿಸಿದೆ. ತಿಂಗಳಿಗೊಂದು ಸಲ ತೂಕ, ಫೋಟೋ. ತೂಕ ಎರಡು ಮೂರು ಸೆಂಟಿಗ್ರಾಂ ಕಮ್ಮಿ ಆಯ್ತೇನೋ, ನನ್ನ ತಕ್ಕಡಿ 0.01 ಗ್ರಾಂ ತನಕ ಮಾತ್ರ ತೋರಿಸೋದು, ಅದರಿಂದ ಏನೂ ಗೊತ್ತಾಗಲಿಲ್ಲ. ಫೋಟೋದಲ್ಲಿ ಸಿಕ್ತು. ಆಕಾರ ಹೋಗೋ ಎಷ್ಟೋ ಮುಂಚೆ ಬಣ್ಣ ಹೋಗತ್ತೆ. ಕಿರೀಟದ ತುದಿ, ಹುಬ್ಬು, ಗಡ್ಡ, ಮೊದಲ ತಿಂಗಳಿಗೇ ಅಲ್ಲಿ ಬಣ್ಣ ಒಡೆದು ತಿಳಿಯಾಯ್ತು, ಗೆರೆ ಮಾತ್ರ ಒಂದೂ ಹೋಗಿರಲಿಲ್ಲ. ಎಯು ಮತ್ತೆ ಅನ್‌ಸರ್ಕ್ಯುಲೇಟೆಡ್ ಮಧ್ಯದ ಗಡಿ ಇದೇ, ಚಿತ್ರದ ಗೆರೆ ಎಣಿಸ್ತಾ ಕೂತ್ರೆ ಸಿಗಲ್ಲ.

ಇನ್ನೊಂದು ಮೊಟ್ಟೆ ಪ್ರಯೋಗ. ಉಜ್ಜಿದ ಕಾಸಿಗೆ ಮತ್ತೆ ಕಂದು ಬಣ್ಣ ಬರಿಸಿ ಮಾರೋರು ಇದಾರೆ, ಅದನ್ನ ಹಿಡೀಬೇಕಲ್ಲ, ಅದಕ್ಕೆ ನಾನೇ ಮಾಡಿ ನೋಡಿದೆ. ಬೇಯಿಸಿದ ಮೊಟ್ಟೆ ಬಿಸಿಯಾಗಿರೋವಾಗಲೇ ಕಿವುಚಿ ಡಬ್ಬಿಯಲ್ಲಿಟ್ಟು ಪಕ್ಕದಲ್ಲಿ, ತಾಗದ ಹಾಗೆ, ಹಾಳಾದ ಕಾಸು ಇಟ್ಟು ಮುಚ್ಚಿದೆ. ಗಂಧಕದ ಹೊಗೆಗೆ ರಾತ್ರಿ ಬೆಳಗಾಗೋದರಲ್ಲಿ ಕಂದು. ಐದು ಕಾಸು ಬೇರೆ ಬೇರೆ ಹೊತ್ತು ಇಟ್ಟು ನೋಡಿದೆ, ಎಲ್ಲದರಲ್ಲೂ ಒಂದೇ ಚಾಳಿ, ಎತ್ತರದಲ್ಲೂ ತಗ್ಗಲ್ಲೂ ಒಂದೇ ಬಣ್ಣ, ಕೆಲವದರಲ್ಲಿ ನೇರಳೆ ಛಾಯೆ, ಕೆಳಗೆ ಉಜ್ಜಿದ ಗೀರು ಹಾಗೇ. ಓಡಾಡಿದ ಕಾಸಿಗೆ ತಾನಾಗೇ ಬಂದ ಬಣ್ಣದಲ್ಲಿ ತಗ್ಗು ಗಾಢ, ಎತ್ತರ ತಿಳಿ. ಆ ಐದನ್ನೂ ಕೆಂಪು ಚೀಟಿ ಹಚ್ಚಿ ಇಟ್ಟಿದೀನಿ, ಮಾರೋದಿಲ್ಲ, ಹೊಸಬರು ಬಂದ್ರೆ ತೋರಿಸ್ತೀನಿ. ಗೀರು ನೋಡೋಕೆ ಟ್ಯೂಬ್‌ಲೈಟ್ ಬೇಡ, ಒಂದೇ ಬಲ್ಬು, ಕಾಸನ್ನ ಓರೆ ಮಾಡ್ತಾ ನಿಧಾನ ಒಂದು ಸುತ್ತು. ಗೀರೆಲ್ಲ ಒಂದೇ ದಿಕ್ಕಿಗಿದ್ರೆ ಉಜ್ಜಿದ್ದು, ದಿಕ್ಕಿಲ್ಲದೆ ಇದ್ರೆ ಓಡಾಡಿದ ಗೀರು, ಅದಕ್ಕೆ ಅಷ್ಟು ಕಳೆಯಲ್ಲ.

ಕಿಲುಬಿನ ವಿಷಯ. ಗಟ್ಟಿಯಾಗಿ ಕೂತ ಗಾಢ ಹಸಿರಿಗೆ ನಾನು ಹೆದರಲ್ಲ, ಸ್ವಲ್ಪ ಕಳೀತೀನಿ ಅಷ್ಟೆ. ತಿಳಿ ಹಸಿರು ಪುಡಿ, ಹಲ್ಲುಕಡ್ಡಿ ತಾಗಿದ್ರೆ ಉದುರೋದು, ಅದು ಬ್ರಾಂಜ್ ಡಿಸೀಸ್, ಒಳಗೆ ಕ್ಲೋರೈಡ್ ಕೂತಿದೆ, ತೇವ ಸಿಕ್ಕಷ್ಟೂ ತಿಂತಾ ಹೋಗತ್ತೆ. ಅನುಮಾನ ಇದ್ರೆ ಒದ್ದೆ ಹತ್ತಿ ಇರೋ ಡಬ್ಬಿಯಲ್ಲಿ, ಹತ್ತಿಗೆ ತಾಗದ ಹಾಗೆ ಎರಡು ದಿನ ಮುಚ್ಚಿಡ್ತೀನಿ, ಹೊಸ ಹಸಿರು ಚುಕ್ಕಿ ಎದ್ರೆ ಜೀವ ಇದೆ ಅಂತ ಅರ್ಥ, ಮೈ ಕಾಲಂಗೆ ಸೊನ್ನೆ, ಎಷ್ಟೇ ಒಳ್ಳೆ ಆನೆ ಇರಲಿ. ಡಿಸ್ಟಿಲ್ಡ್ ವಾಟರಲ್ಲಿ ವಾರಗಟ್ಟಲೆ, ನೀರು ಬದಲಾಯಿಸ್ತಾ ಬದಲಾಯಿಸ್ತಾ ನೆನೆಸಿ ಆರೇಳು ಕಾಸು ಉಳಿಸಿದೀನಿ. ಒಣಗಿದ ಮೇಲೆ ಏನು ಸವರ್ತೀನಿ ಅನ್ನೋದು ನನ್ನ ಹತ್ರಾನೇ ಇರಲಿ, ಇನ್ನೂ ಒಂದೆರಡು ಮಳೆಗಾಲ ನೋಡ್ಬೇಕು.

ಅಂದಹಾಗೆ ರಾಮನ ಚಿತ್ರ, ಹನುಮಂತನ ಚಿತ್ರ ಇರೋ '1818 ಈಸ್ಟ್ ಇಂಡಿಯಾ ಕಂಪನಿ ಹಾಫ್ ಆಣೆ' ತಗೊಂಡು ಗ್ರೇಡ್ ಹೇಳಿ ಸರ್ ಅಂತ ಬರ್ತಾನೇ ಇರ್ತಾರೆ. ಕಂಪನಿ ಅಂಥದ್ದು ಹೊಡೆದೇ ಇಲ್ಲ. ಅಕ್ಕಿ ಕಾಳನ್ನ ತನ್ನ ಕಡೆ ಎಳೆಯತ್ತೆ, ಲಕ್ಷ ಬರತ್ತೆ ಅಂತ ಯಾರೋ ನಂಬಿಸಿರ್ತಾರೆ, ನಿಜ ಹೇಳೋವಾಗ ಅವರ ಮುಖ ನೋಡೋಕೆ ಬೇಜಾರಾಗತ್ತೆ.

ವಿಧಾನ ಕೆಲಸ ಮಾಡತ್ತೆ ಅಂತ ನಂಗೆ ನಂಬಿಕೆ ಬಂದಿದ್ದು ಲಾಭದಿಂದ ಅಲ್ಲ. ಗೆಳೆಯರೊಬ್ಬರ ಹತ್ರ ನಲವತ್ತು ತಾಮ್ರದ ಕಾಸು ಇಸ್ಕೊಂಡು, ಅವರು ನಂಬರ್ ಹಚ್ಚಿ ಕೊಡೋರು, ನಾನು ಗ್ರೇಡ್ ಬರೆದು ಹಾಳೆ ಅವರಿಗೇ ಕೊಟ್ಟುಬಿಡೋದು, ಒಂದು ತಿಂಗಳಾದ ಮೇಲೆ ನಂಬರ್ ಬದಲಾಯಿಸಿ ಮತ್ತೆ ಅವೇ ನಲವತ್ತು. ಹಳೇ ಥರ ಒಟ್ಟಾರೆ ನೋಡಿ ಹಾಕಿದಾಗ ನಂದು ನಂಗೇ ಹೊಂದಿದ್ದು ಇಪ್ಪತ್ತೆರಡೋ ಇಪ್ಪತ್ಮೂರೋ. ಮೂರು ಕಾಲಂ ಮಾಡಿದ ಮೇಲೆ ಮೂವತ್ತೈದು, ಹೋದ ಸಲ ಮೂವತ್ತಾರು. ತಪ್ಪಿದ್ದೆಲ್ಲ ಗುಂಡಿ ಬಿದ್ದ ಕಾಸುಗಳೇ, ಗುಂಡಿಗೆ ಎಷ್ಟು ಕಳೀಬೇಕು ಅನ್ನೋದು ನಂಗಿನ್ನೂ ಗಟ್ಟಿಯಾಗಿಲ್ಲ. ಚಿತ್ರ 30 ಅಂತ ಕೊಟ್ಟು ಒಂದು ದಿನ 15ಕ್ಕೆ ಇಳಿಸ್ತೀನಿ, ಇನ್ನೊಂದು ದಿನ 20. ಇದನ್ನ ಹೊರದೇಶಕ್ಕೆ ಕಳಿಸಿ ಸ್ಲ್ಯಾಬ್ ಮಾಡಿಸೋಣ (ಕಂಪನಿಯಿಂದ ಗ್ರೇಡ್ ಹಾಕಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸೋಣ) ಅಂದ್ರೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಆಂಟಿಕ್ವಿಟಿ, ಅಂದ್ರೆ ಪುರಾತನ ವಸ್ತು, ನಾವು ಹೊರಗೆ ಕಳಿಸೋ ಹಾಗಿಲ್ಲ, ಹಾಗಾಗಿ ನಂಗೆ ಕಣ್ಣು, ಲೂಪು, ಈ ಸಾಲು ಇಷ್ಟೇ.

ಈಗ ನಗರ ಟಂಕಸಾಲೆ ಸಾಲು ಹಿಡಿದಿದೀನಿ, ಒಂಬತ್ತು ಆಗಿದೆ. ಕೆಳಗಿನ ಗ್ರೇಡ್ ಎಲ್ಲ ಸಿಕ್ತು, ಮೇಲಿನ ಕಡೆ ಚುಕ್ಕಿ ಸಾಲು ಪೂರ್ತಿ ಇರೋದು ಒಂದು ಬೇಕು. ಆ ಹಿರಿಯರ ಹತ್ರ ಒಂದಿದೆ, ಹೋದ ವಾರ ಕೇಳಿದೆ, "ಮೊದಲು ನಿನ್ನ ಹಾಳೇಲಿ ಗ್ರೇಡ್ ಬರಿ, ನಾನೂ ಬರೀತೀನಿ, ಎರಡೂ ಒಂದೇ ಆದ್ರೆ ಕೊಡ್ತೀನಿ" ಅಂದಿದಾರೆ. ಭಾನುವಾರ ಹೋಗ್ತಿದೀನಿ.